ಆರು ವಾರದ ದಾದಿ

ಮನೆಯಲ್ಲಿ ಯಾರಿಗಾದರೂ ದುಃಖವಾದರೆ ಅವರ ಕೈಗೊಂದು ಪುಸ್ತಕ ಕೊಡುವುದು ನನ್ನಂಥವರ ಹಳೆಯ ಚಾಳಿ. ಹಸಿದವರಿಗೆ ಅಡುಗೆಯ ವರ್ಣನೆ ಓದಿ ಹೇಳಿದ ಹಾಗೆ ಅದು. ಈಚೆಗೆ ನಾನು ಮಾಡಿದ ಅಂಥದೊಂದು ಕೆಲಸದಿಂದಾಗಿ, ಚೆನ್ನಾಗಿ ಬಲ್ಲೆನೆಂದುಕೊಂಡಿದ್ದ ಪುಸ್ತಕವೊಂದನ್ನು ಮತ್ತೆ ಓದಬೇಕಾಯಿತು; ಓದಿ, ಅದರ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಅಷ್ಟಿಷ್ಟು ತಿದ್ದಿಕೊಳ್ಳಬೇಕಾಯಿತು. ಆ ಸಂಗತಿಯನ್ನು ವಾಚಕರ ಮುಂದಿಡುತ್ತೇನೆ.

ನನ್ನ ತಂಗಿಯ ಮಗಳು ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸಿಂಗ್ ಸಹಾಯಕಿಯಾಗಿ ಸೇರಿ ಎರಡು ತಿಂಗಳಾಗಿತ್ತು. ಅದೇ ಅವಳ ಮೊದಲ ನೌಕರಿ. ಒಂದು ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಬಂದಳು. ಊಟಕ್ಕೆ ಕುಳಿತು, ಸಾರನ್ನ ಕಲಸಿ, ಕಲಸಿದ ಕೈಯನ್ನು ತಟ್ಟೆಯಲ್ಲೇ ಬಿಟ್ಟು ಅಳತೊಡಗಿದಳು. ಹಾಸಿಗೆ ಬದಲಾಯಿಸುವುದು, ಮೈ ಒರೆಸುವುದು, ಬೆಡ್‌ಪ್ಯಾನ್ ಕೊಟ್ಟು ತೆಗೆಯುವುದು, ಏಳಲಾರದವರನ್ನು ಎರಡೆರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸುವುದು, ಇದಿಷ್ಟೂ ಅವಳ ಕೆಲಸ. ಅವಳ ಅಳು ಕೆಲಸಕ್ಕಾಗಿ ಅಲ್ಲ. ನರ್ಸುಗಳನ್ನು ‘ಸಿಸ್ಟರ್’ ಎನ್ನುವ ಜನ ತನ್ನನ್ನು ‘ಏ ಆಯಾ’ ಎನ್ನುತ್ತಾರೆ. ಗ್ಲೌಸು ಕೇಳಿದರೆ ಎಣಿಸಿ ಕೊಡುತ್ತಾರೆ. ಎಂಟು ದಿನ ತನ್ನ ಕೈಯಿಂದಲೇ ಗಂಜಿ ಕುಡಿದ ಮುದುಕಿಯೊಬ್ಬರು, ತಾನು ವಾರದ ರಜೆ ಮುಗಿಸಿ ಹೋಗುವಷ್ಟರಲ್ಲಿ ಇರಲಿಲ್ಲ. ಮಂಚಕ್ಕೆ ಹೊಸ ಹೊದಿಕೆ ಹಾಸಿತ್ತು. ಏನಾಯಿತೆಂದು ಯಾರೂ ಹೇಳಲಿಲ್ಲ. ಹೇಳಬೇಕೆಂದು ಯಾರಿಗೂ ತೋರಿರಲಿಲ್ಲ.

‘ಸೇವೆ ದೇವರ ಕೆಲಸ’ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಅವಳ ಮುಖ ನೋಡಿ ನುಂಗಿಕೊಂಡೆ. ಅದರ ಬದಲು ಕಪಾಟಿನಿಂದ ಲೂಯಿಸಾ ಮೇ ಆಲ್ಕಾಟ್ ಬರೆದ ‘ಹಾಸ್ಪಿಟಲ್ ಸ್ಕೆಚಸ್’ ತೆಗೆದು ಕೊಟ್ಟೆ.

ಆಲ್ಕಾಟ್ ಎಂದೊಡನೆ ನಮ್ಮ ಓದುಗರಿಗೆ ನೆನಪಾಗುವುದು ‘ಲಿಟಲ್ ವಿಮೆನ್’. ಆ ಕಾದಂಬರಿ ಬಂದದ್ದು ೧೮೬೮ರಲ್ಲಿ. ಅದಕ್ಕೆ ಐದು ವರ್ಷ ಮೊದಲು, ೧೮೬೩ರಲ್ಲಿ, ಆಸ್ಪತ್ರೆಯ ಈ ಚಿತ್ರಗಳು ಮೊದಲು ಬಾಸ್ಟನ್ನಿನ ಒಂದು ಪತ್ರಿಕೆಯಲ್ಲಿಯೂ ಆ ವರ್ಷವೇ ಪುಸ್ತಕವಾಗಿಯೂ ಪ್ರಕಟವಾದವು. ತಾನು ಮನೆಗೆ ಬರೆದ ಕಾಗದಗಳನ್ನೇ ಆಲ್ಕಾಟ್ ಅದಕ್ಕಾಗಿ ತಿದ್ದಿದ್ದಳು. ಅಮೆರಿಕದ ಅಂತರ್ಯುದ್ಧದ ಕಾಲ ಅದು. ೧೮೬೨ರ ನವೆಂಬರಿನಲ್ಲಿ ಅವಳಿಗೆ ಮೂವತ್ತು ತುಂಬಿತು. ಸೈನ್ಯದ ದಾದಿಯರ ಮೇಲ್ವಿಚಾರಕಿ ಡೊರೊತಿಯಾ ಡಿಕ್ಸ್ ಮೂವತ್ತು ದಾಟಿದ, ಒಡವೆ ವಸ್ತ್ರದ ಮೋಹವಿಲ್ಲದ ಹೆಂಗಸರನ್ನೇ ಬೇಡುತ್ತಿದ್ದಳು. ಸಂಬಳ ದಿನಕ್ಕೆ ೪೦ ಸೆಂಟ್. ತರಬೇತಿ ಎಂಬುದಿಲ್ಲ. ಡಿಸೆಂಬರಿನಲ್ಲಿ ಆಲ್ಕಾಟ್ ವಾಷಿಂಗ್ಟನ್ನಿಗೆ ಹೊಂದಿಕೊಂಡ ಜಾರ್ಜ್‌ಟೌನಿನಲ್ಲಿ ಒಂದು ಹಳೆಯ ಹೋಟೆಲನ್ನೇ ಆಸ್ಪತ್ರೆ ಮಾಡಿದ್ದ ಕಟ್ಟಡಕ್ಕೆ ಬಂದಿಳಿದಳು. ಮೂರೇ ದಿನದಲ್ಲಿ ನಲವತ್ತು ಮಂಚದ ವಾರ್ಡು ಅವಳ ಪಾಲಿಗೆ ಬಂತು. ಅದರ ಬೆನ್ನಿಗೇ ಫ್ರೆಡರಿಕ್ಸ್‌ಬರ್ಗ್ ಕದನದಲ್ಲಿ ಸೋತು ಗಾಯಗೊಂಡವರನ್ನು ತುಂಬಿಕೊಂಡ ಗಾಡಿಗಳು ಬಾಗಿಲಿಗೆ ಬಂದು ನಿಂತವು.

ಆ ಬೆಳಗಿನ ಚಿತ್ರವೇ ಪುಸ್ತಕದ ತಿರುಳು. ಗಾಡಿಗಳನ್ನು ಕಂಡೊಡನೆ ಕಥನಕಾರ್ತಿಗೆ ಮನೆಗೆ ಓಡಿಹೋಗಬೇಕೆನ್ನಿಸುತ್ತದೆ. ಅವಳಿಗೆ ಸಿಕ್ಕ ಮೊದಲ ಆಜ್ಞೆ: ಇವರ ಕೆಸರು ಮೆತ್ತಿದ ಬಟ್ಟೆ ಬಿಚ್ಚಿ, ಮೈ ತೊಳೆದು, ಒಗೆದ ಅಂಗಿ ತೊಡಿಸು. ಅಪರಿಚಿತ ಗಂಡಸರ ಮೈ ಮುಟ್ಟಿ ಅಭ್ಯಾಸವಿಲ್ಲದ ಮರ್ಯಾದಸ್ಥ ಮನೆತನದ ಹೆಣ್ಣು ಅವಳು. ಬೋಗುಣಿ, ಸೋಪು, ಸ್ಪಂಜು ಹಿಡಿದು ದಿಕ್ಕುತೋಚದೆ ನಿಲ್ಲುತ್ತಾಳೆ. ಕೊನೆಗೆ ಕಣ್ಣು ಮುಚ್ಚಿ ನೀರಿಗೆ ಧುಮುಕುವವರಂತೆ ಒಬ್ಬ ಐರಿಷ್ ಮುದುಕನ ಮುಖ ತೊಳೆಯತೊಡಗುತ್ತಾಳೆ. ಒಬ್ಬ ದೊರೆಸಾನಿಯಿಂದ ಮೈ ತೊಳೆಸಿಕೊಳ್ಳುವ ಭಾಗ್ಯ ಬಂತಲ್ಲಾ ಎಂದು ಅವನು ಕಣ್ಣರಳಿಸುವ ರೀತಿಗೆ ಇಬ್ಬರೂ ನಕ್ಕುಬಿಡುತ್ತಾರೆ. ಆ ನಗೆಯೊಂದಿಗೆ ಅವಳ ಸಂಕೋಚ ಬೋಗುಣಿಯ ನೀರಿನಲ್ಲಿ ಹೋಗುತ್ತದೆ.

ನಮ್ಮ ಕಥೆಗಳಲ್ಲಿ, ಸಿನಿಮಾಗಳಲ್ಲಿ ದಾದಿ ಬಂದಳೆಂದರೆ ಬಿಳಿಯ ಉಡುಪು, ಕರುಣೆ ತುಂಬಿದ ಕಣ್ಣು. ಅವಳಿಗೆ ವಾಸನೆ ಬಡಿಯುವುದಿಲ್ಲ, ಸೊಂಟ ನೋಯುವುದಿಲ್ಲ. ಕ್ರಿಮಿಯಾ ಯುದ್ಧದ ಕಾಲದಲ್ಲಿ ನೈಟಿಂಗೇಲಳ ಕೈಗೆ ದೀಪ ಕೊಟ್ಟ ಜಗತ್ತು ಅವಳ ಲೆಕ್ಕಪತ್ರವನ್ನೂ ಜಗಳವನ್ನೂ ಮರೆತು ದೀಪವೊಂದನ್ನೇ ಉಳಿಸಿಕೊಂಡಿತು. ಆಲ್ಕಾಟ್ ಹೀಗೆ ಮಾಡುವುದಿಲ್ಲ. ತನ್ನ ಕಥನಕಾರ್ತಿಗೆ ‘ಟ್ರಿಬ್ಯುಲೇಶನ್ ಪೆರಿವಿಂಕಲ್’ ಎಂದು ಹೆಸರಿಡುತ್ತಾಳೆ. ನಮ್ಮಲ್ಲಿ ಸಂಕಟಮ್ಮ ಎಂದ ಹಾಗೆ. ಆಸ್ಪತ್ರೆಗೆ ‘ಹರ್ಲಿಬರ್ಲಿ ಹೌಸ್’, ಗದ್ದಲದ ಮನೆ, ಎನ್ನುತ್ತಾಳೆ. ಮೂಗಿಗೆ ಲ್ಯಾವೆಂಡರ್ ನೀರು ಹಚ್ಚಿಕೊಂಡು ಓಡಾಡುತ್ತಾಳೆ. ಗಾಯದ ಮೈಯನ್ನು ಹರಿದ ಬಟ್ಟೆಯೆಂಬಂತೆ ಕಂಡು ಉತ್ಸಾಹದಿಂದ ಹೊಲಿಯಲು ಕೂಡುವ ಸರ್ಜನನನ್ನು ಒಂದೇ ಏಟಿಗೆ ಚಿತ್ರಿಸುತ್ತಾಳೆ. ಹೇಸಿಗೆ, ಭಯ, ಆಯಾಸ ಇವನ್ನು ಒಪ್ಪಿಕೊಂಡ ಮೇಲೂ ಪ್ರೀತಿ ಉಳಿಯುವುದು ಸಾಧ್ಯ ಎಂಬುದೇ ಈ ಪುಸ್ತಕದ ಮೊದಲ ಗುಣ. ಹಿಂದೆ ನಾನು ಮೆಚ್ಚಿದ್ದೂ ಇದನ್ನೇ.

ಎರಡನೆಯ ಗುಣ ಇನ್ನೂ ದೊಡ್ಡದು. ರಾತ್ರಿ ಪಾಳಿಯ ಅಧ್ಯಾಯದಲ್ಲಿ ಜಾನ್ ಎಂಬ ಕಮ್ಮಾರ ಬರುತ್ತಾನೆ. ವರ್ಜೀನಿಯಾದವನು, ಬೆನ್ನ ಕಡೆಯಿಂದ ಹೊಕ್ಕ ಗುಂಡು ಶ್ವಾಸಕೋಶವನ್ನು ಕೆಡಿಸಿದೆ. ನರಳುವುದಿಲ್ಲ, ಕರೆಯುವುದಿಲ್ಲ. ಆದ್ದರಿಂದ ಇವನಿಗೆ ನನ್ನ ಅಗತ್ಯವಿಲ್ಲ ಎಂದು ದಾದಿ ಭಾವಿಸಿ, ಕೂಗುವವರ ಕಡೆಗೇ ಓಡಾಡುತ್ತಾಳೆ. ಇಡೀ ವಾರ್ಡಿನಲ್ಲಿ ಅತಿ ಹೆಚ್ಚು ಯಾತನೆ ಪಡುತ್ತಿರುವವನು ಅವನೇ, ಉಳಿಯುವುದಿಲ್ಲ, ಈ ಮಾತನ್ನು ನೀನೇ ತಿಳಿಸು ಎಂದು ವೈದ್ಯ ಹೇಳುತ್ತಾನೆ. ಗಾಯಕ್ಕೆ ಕಟ್ಟು ಕಟ್ಟುವಾಗ ಅವನ ಕಣ್ಣಿಂದ ಮೆಲ್ಲನೆ ಇಳಿಯುವ ನೀರನ್ನು ಅವಳು ಆಮೇಲೆ ಕಾಣುತ್ತಾಳೆ. ಅವನ ತಮ್ಮನಿಗೆ ಕಾಗದ ಬರೆದು ಕೊಡುತ್ತಾಳೆ. ಪ್ರಾಣ ಹೋಗುವವರೆಗೆ ಅವನು ಅವಳ ಕೈ ಹಿಡಿದಿರುತ್ತಾನೆ. ಬಿಡಿಸಿದ ಮೇಲೂ ನಾಲ್ಕು ಬೆರಳ ಗುರುತು ಉಳಿಯುತ್ತದೆ. ಮನೆಯಿಂದ ಉತ್ತರ ಬಂದದ್ದು ಒಂದು ಗಂಟೆ ತಡವಾಗಿ. ಜಾನ್ ಸ್ವಲ್ಪ ಅತಿಯಾಗಿಯೇ ನಿರ್ದೋಷಿ, ನಿಜ. ಆ ಕಾಲದ ಭಾವುಕತೆ ಅವನ ಸುತ್ತ ಪ್ರಭಾವಳಿ ಕಟ್ಟಿದೆ. ಆದರೆ ದಾದಿಯ ತಪ್ಪಿಗೆ ಪ್ರಭಾವಳಿಯಿಲ್ಲ. ಕೇಳದವನನ್ನು ನಾನು ಕಾಣಲಿಲ್ಲ ಎಂದು ಅವಳು ಬರೆದುಕೊಂಡಿದ್ದಾಳೆ. ಲೇಖಕರು ತಮ್ಮ ಕೆಲಸದ ಇಂಥ ತಪ್ಪನ್ನು ಒಪ್ಪಿಕೊಂಡದ್ದನ್ನು ನಾನು ಕಂಡದ್ದು ವಿರಳ.

ಹುಡುಗಿ ಹದಿನೈದು ದಿನ ಬಿಟ್ಟು ಪುಸ್ತಕ ಹಿಂದಿರುಗಿಸಲು ಬಂದಳು. ‘ಚೆನ್ನಾಗಿದೆ ದೊಡ್ಡಮ್ಮ, ನಗು ಬಂತು. ಆದರೆ ಒಂದು ಕೇಳಲಾ? ಇವರು ಅಲ್ಲಿ ಎಷ್ಟು ದಿನ ಇದ್ದರು?’ ಎಂದಳು.

‘ಸುಮಾರು ಆರು ವಾರ’ ಎಂದೆ.

‘ನಾನು ಎಷ್ಟು ವರ್ಷ ಇರಬೇಕು?’

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆ ರಾತ್ರಿ ಪುಸ್ತಕವನ್ನು ಮತ್ತೆ ತೆರೆದೆ.

ಆರು ವಾರ ಎಂಬುದು ಆಲ್ಕಾಟಳ ಹೇಡಿತನವಲ್ಲ. ಇದನ್ನು ಮೊದಲು ಹೇಳಬೇಕು. ಅವಳಿಗೆ ವಿಷಮಶೀತ ಜ್ವರ, ನ್ಯುಮೋನಿಯಾ ಎರಡೂ ತಗಲಿದವು. ಪಾದರಸದ ಔಷಧ ಕೊಟ್ಟರು. ತಂದೆ ಬಂದು ಮನೆಗೆ ಕರೆದೊಯ್ದರು. ಉದ್ದವಾದ ಕೂದಲು ಹೋಯಿತು. ೧೮೮೮ರಲ್ಲಿ ತೀರಿಕೊಳ್ಳುವ ತನಕ ಮೊದಲಿನ ಆರೋಗ್ಯ ಮರಳಲಿಲ್ಲ. ಆಸ್ಪತ್ರೆಯಿಂದ ತನಗೆ ದೊರೆತದ್ದು ಜ್ವರ, ಹತ್ತು ಡಾಲರು, ಒಂದು ಕೃತಕ ಕೇಶ ಎಂದು ಅದನ್ನೂ ನಗೆಮಾತಾಗಿಸಿದಳು. ಆದರೂ ಹುಡುಗಿಯ ಪ್ರಶ್ನೆಯ ಬೆಳಕಿನಲ್ಲಿ ಈ ನಗೆ ನನಗೆ ಬೇರೆಯಾಗಿ ಕಂಡಿತು. ಹಿಂದಿರುಗಲು ಒಂದು ಮನೆ, ಬರೆಯಲು ಒಂದು ಮೇಜು ಇದ್ದವಳ ನಗೆ ಅದು. ಮುರಿದ ಕಿಟಕಿ, ಗಾಳಿಯಾಡದ ವಾರ್ಡು, ಅಗಿಯಲಾಗದ ಮಾಂಸ, ಜಿರಲೆಯಂತೆ ಕಾಣುವ ಬೇಯಿಸಿದ ಹಣ್ಣು ಎಲ್ಲವೂ ಅವಳಲ್ಲಿ ವಿನೋದಕ್ಕೆ ಸಾಮಗ್ರಿ. ಕಿಟಕಿ ಏಕೆ ಮುರಿದೇ ಇದೆ, ರೋಗಿಯ ಊಟ ಯಾರ ಕೈಯಲ್ಲಿ ಕೆಟ್ಟಿತು ಎಂಬ ಪ್ರಶ್ನೆಯ ಅಂಚಿಗೆ ಬಂದು, ಒಂದು ಚಟಾಕಿ ಹಾರಿಸಿ, ಮುಂದೆ ಹೋಗುತ್ತಾಳೆ. ಕೆಲವೆಡೆ ಆ ಚಟಾಕಿಗಳು ಬಲವಂತದವು. ಎಲ್ಲ ಕಡೆಯೂ ಹೀಗೆಂದರೆ ಅನ್ಯಾಯವಾದೀತು. ಕಪ್ಪು ಜನರ ಮಗುವೊಂದನ್ನು ಅವಳು ಎತ್ತಿಕೊಂಡಾಗ ಜೊತೆಯವಳೊಬ್ಬಳು ಮೂಗು ಮುರಿಯುತ್ತಾಳೆ. ಅಲ್ಲಿ ಆಲ್ಕಾಟ್ ತಮಾಷೆಯ ಹಿಂದೆ ಅಡಗುವುದಿಲ್ಲ.

ಈ ಹೊತ್ತಿಗೆ ನನಗೆ ಮತ್ತೊಬ್ಬಳ ನೆನಪಾಯಿತು. ಆಲ್ಕಾಟ್ ಕೆಲಸಕ್ಕೆ ಬಂದಾಗ ಆ ಆಸ್ಪತ್ರೆಯ ಮೇಟ್ರನ್ ಆಗಿದ್ದವಳು ಹ್ಯಾನಾ ರೋಪ್ಸ್, ಐವತ್ತು ದಾಟಿದ ಹೆಂಗಸು. ಅವಳ ದಿನಚರಿ ಮತ್ತು ಕಾಗದಗಳು ಅಚ್ಚಾದದ್ದು ೧೯೮೦ರಲ್ಲಿ, ನೂರಕ್ಕೂ ಹೆಚ್ಚು ವರ್ಷ ತಡವಾಗಿ. ಅವುಗಳಲ್ಲಿ ವಿನೋದ ಕಡಿಮೆ. ಅಲಂಕಾರವಿಲ್ಲದ, ಆಯಾಸದ ಗದ್ಯ ಅದು. ಆಲ್ಕಾಟ್ ಬರುವುದಕ್ಕೆ ಕೆಲವು ವಾರ ಮೊದಲು, ರೋಗಿಗಳಿಗೆ ಸಲ್ಲಬೇಕಾದುದನ್ನು ಕಬಳಿಸುತ್ತಿದ್ದ, ಸೈನಿಕನೊಬ್ಬನನ್ನು ನೆಲಮಾಳಿಗೆಯ ಕತ್ತಲಕೋಣೆಯಲ್ಲಿ ಕೂಡಿದ್ದ ಉಗ್ರಾಣದ ಅಧಿಕಾರಿಯ ಮೇಲೆ ರೋಪ್ಸ್ ದೂರು ಕೊಟ್ಟಳು. ಮೇಲಿನ ವೈದ್ಯಾಧಿಕಾರಿಗಳು ಕೇಳಲಿಲ್ಲ. ನೇರವಾಗಿ ಯುದ್ಧ ಸಚಿವ ಎಡ್ವಿನ್ ಸ್ಟಾಂಟನನ ಕಚೇರಿಗೆ ಹೋಗಿ ನಿಂತಳು. ಆ ಅಧಿಕಾರಿಯ ದಸ್ತಗಿರಿಯಾಯಿತು. ೧೮೬೩ರ ಜನವರಿಯಲ್ಲಿ, ಆಲ್ಕಾಟ್ ಮಲಗಿದ್ದ ದಿನಗಳಲ್ಲೇ, ಅದೇ ಬೇನೆಯಿಂದ ರೋಪ್ಸ್ ತೀರಿಕೊಂಡಳು. ಅವಳಿಗೆ ಮನೆಗೆ ಹೋಗಿ ಪುಸ್ತಕ ಬರೆಯುವ ಅವಕಾಶ ಬರಲಿಲ್ಲ.

ಒಂದೇ ಕಟ್ಟಡದ ಈ ಎರಡು ಬರಹಗಳನ್ನು ಜೊತೆಯಲ್ಲಿಟ್ಟು ಓದಬೇಕು. ಸಾಹಿತ್ಯವಾಗಿ ಆಲ್ಕಾಟಳದು ಮೇಲು. ಇದರಲ್ಲಿ ನನಗೆ ಸಂಶಯವಿಲ್ಲ. ಆದರೆ ಮೊದಲ ನೌಕರಿಯಲ್ಲಿ ಎದೆಗುಂದಿದವರಿಗೆ ಅದೊಂದನ್ನೇ ಕೊಡುವುದು ಅರ್ಧ ಮಾತ್ರೆ ಕೊಟ್ಟ ಹಾಗೆ. ನಗುವುದರಿಂದ ಆ ದಿನ ಕಳೆಯುತ್ತದೆ. ಕಿಟಕಿಗೆ ಗಾಜು ಬರುವುದಿಲ್ಲ. ಹೊಸದಾಗಿ ಸೇರಿದವರು ತಮ್ಮ ದುಃಖವೆಲ್ಲ ತಮ್ಮ ದೌರ್ಬಲ್ಯವೆಂದೇ ತಿಳಿಯುತ್ತಾರೆ. ಅದರಲ್ಲಿ ಯಾವ ಪಾಲು ಕೆಲಸದ ಸ್ವಭಾವಕ್ಕೆ ಸೇರಿದ್ದು, ಯಾವ ಪಾಲು ಇನ್ನೊಬ್ಬರು ಮಾಡಬೇಕಾದುದನ್ನು ಮಾಡದೆ ಬಿಟ್ಟದ್ದು ಎಂದು ಬೇರ್ಪಡಿಸಿ ನೋಡಲು ರೋಪ್ಸಳ ಒಣ ಗದ್ಯ ಕಲಿಸುತ್ತದೆ. ಮುದುಕಿ ತೀರಿಕೊಂಡದ್ದು ಮೊದಲನೆಯದು. ಅದನ್ನು ಯಾರೂ ಹೇಳದಿದ್ದದ್ದು, ಗ್ಲೌಸು ಎಣಿಸಿದ್ದು ಎರಡನೆಯದು. ಮೊದಲನೆಯದಕ್ಕೆ ಆಲ್ಕಾಟ್ ಬೇಕು, ಎರಡನೆಯದಕ್ಕೆ ರೋಪ್ಸ್.

ಹುಡುಗಿಗೆ ರೋಪ್ಸಳ ಕಥೆಯನ್ನು ಬಾಯಲ್ಲಿಯೇ ಹೇಳಿದೆ. ಸುಮ್ಮನೆ ಕೇಳಿಸಿಕೊಂಡಳು. ಮುಂದಿನ ವಾರ ಅವಳೂ ಜೊತೆಯ ಮೂವರೂ ಸೇರಿ ಗ್ಲೌಸಿನ ವಿಷಯವಾಗಿ ಮೇಟ್ರನ್ನರಿಗೆ ಒಂದು ಅರ್ಜಿ ಬರೆದು ಕೊಟ್ಟರಂತೆ. ನಾನು ಇದನ್ನು ಬರೆಯುವ ಹೊತ್ತಿಗೆ ಉತ್ತರ ಬಂದಿಲ್ಲ. ಕೆಲಸ ಬಿಡುತ್ತಾಳೋ ಇಲ್ಲವೋ ಅವಳೂ ಹೇಳಿಲ್ಲ, ನಾನೂ ಕೇಳಿಲ್ಲ. ಬಿಟ್ಟರೆ ಅದು ಸೋಲು ಎಂದು ನಾನಂತೂ ಹೇಳಲಾರೆ.

ನಿನ್ನೆ ಫೋನು ಮಾಡಿದ್ದಳು. ಈಗ ರಾತ್ರಿ ಪಾಳಿ. ಕಿಟಕಿ ಪಕ್ಕದ ಮಂಚದಲ್ಲಿ ಒಬ್ಬ ಯಜಮಾನರಿದ್ದಾರಂತೆ. ಒಂದು ಸಲವೂ ಬೆಲ್ ಒತ್ತುವವರಲ್ಲ. ‘ನಿಮ್ಮ ಜಾನ್ ನೆನಪಾದ ದೊಡ್ಡಮ್ಮ. ಪಾಳಿ ಶುರುವಾದ ತಕ್ಷಣ ಮೊದಲು ಅವರ ಹತ್ತಿರವೇ ಹೋದೆ’ ಎಂದಳು. ಅವರಿಗೆ ಏನು ಬೇಕಾಗಿತ್ತು ಎಂದು ಕೇಳಿದೆ.

‘ಏನಿಲ್ಲ, ದಿಂಬು ಜರುಗಿತ್ತು ಅಷ್ಟೆ. ಸಂಜೆಯಿಂದ ಹಾಗೇ ಮಲಗಿದ್ದರು.’