ಮತಪತ್ರ ಹೇಳದ ಕಾರಣ

ಅಮೆರಿಕದ ಓಹಾಯೊ ರಾಜ್ಯದಲ್ಲಿ ಶಾಲೆಗೆ ಹೆಚ್ಚುವರಿ ಆಸ್ತಿ ತೆರಿಗೆ ಬೇಕೆಂದರೆ ಮತದಾರರನ್ನೇ ಕೇಳಬೇಕು. ಈ ಚುನಾವಣೆಗಳತ್ತ ಜನ ತಿರುಗಿ ನೋಡುವುದಿಲ್ಲ ಎಂಬ ಕೊರಗು ಹಳೆಯದು. 2022ರ ಹೌಸ್ ಬಿಲ್ 140 ಎಂಬ ರಾಜ್ಯ ಕಾನೂನು ಮತಪತ್ರದ ಒಕ್ಕಣೆಯನ್ನೇ ಬದಲಿಸಿತು. ಅದಕ್ಕೆ ಸಿಕ್ಕ ಹೊಗಳಿಕೆ ಅತಿಯಾಯಿತು.

ಹಳೆಯ ಒಕ್ಕಣೆ ಕೆಟ್ಟದಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. 5 ಮಿಲ್ ತೆರಿಗೆ ಎಂದರೆ ಮೌಲ್ಯದ ಪ್ರತಿ 100 ಡಾಲರಿಗೆ 50 ಸೆಂಟ್ ಎಂದು ಅದು ಹೇಳುತ್ತಿತ್ತು. ಯಾವ ಮೌಲ್ಯ? ಮಾರುಕಟ್ಟೆ ಬೆಲೆಯಲ್ಲ, ಅದರ ಶೇ. 35 ಮಾತ್ರ. ಲಕ್ಷ ಡಾಲರ್ ಮನೆಯಿದ್ದವರು 35 ಸಾವಿರಕ್ಕೆ ಇಳಿದು, ನೂರರಿಂದ ಭಾಗಿಸಿ, 50 ಸೆಂಟಿನಿಂದ ಗುಣಿಸಿದರೆ ವರ್ಷಕ್ಕೆ 175 ಡಾಲರ್. ಮತಗಟ್ಟೆಯಲ್ಲಿ ನಿಂತು ಈ ಲೆಕ್ಕ ಹಾಕುವವರು ಯಾರು? ಹೊಸ ಒಕ್ಕಣೆ ಲಕ್ಷಕ್ಕೆ 175 ಎಂದು ನೇರವಾಗಿ ಹೇಳುತ್ತದೆ; ವರ್ಷಕ್ಕೆ ಒಟ್ಟು ಎಷ್ಟು ವಸೂಲಾಗುತ್ತದೆಂಬ ಕೌಂಟಿ ಆಡಿಟರ್ ಅಂದಾಜನ್ನೂ ಕೊಡುತ್ತದೆ. ಇಷ್ಟು ಒಳ್ಳೆಯದೇ.

ಆದರೆ ಮೊನ್ನೆ ತಾನೇ ಕೊಟ್ಟೆವಲ್ಲ, ಮತ್ತೆ ಯಾಕೆ ಕೇಳುತ್ತಾರೆ ಎಂಬ ಪ್ರಶ್ನೆಗೆ ಉತ್ತರವೆಲ್ಲಿ? ಅದು ಇರುವುದು 1976ರ ಹೌಸ್ ಬಿಲ್ 920ರಲ್ಲಿ. ಮರುಮೌಲ್ಯಮಾಪನದಲ್ಲಿ ಮನೆಗಳ ಬೆಲೆ ಏರಿದರೆ, ಜನ ಒಪ್ಪಿಕೊಟ್ಟ ತೆರಿಗೆಯ ದರ ಆ ಮಟ್ಟಿಗೆ ತಗ್ಗುತ್ತದೆ. ಇದ್ದ ಮನೆಗಳಿಂದ ಶಾಲೆಗೆ ಬರುವ ಮೊತ್ತ ಮೊದಲಿನಷ್ಟೇ. ದರ ಇನ್ನು ಕೆಳಗಿಳಿಯಬಾರದೆಂಬ 20 ಮಿಲ್ ತಳಮಿತಿ ಮುಟ್ಟಿದ ಶಾಲಾ ಡಿಸ್ಟ್ರಿಕ್ಟ್‌ಗಳಿಗೆ ಮಾತ್ರ ಇದರಿಂದ ಬಿಡುಗಡೆ. ಉಳಿದ ಕಡೆ ಸಂಬಳ, ಬಸ್ಸಿನ ಡೀಸೆಲ್, ಚಾವಣಿ ರಿಪೇರಿ ಎಲ್ಲದರ ಖರ್ಚೂ ಏರುತ್ತದೆ, ಈ ತೆರಿಗೆಯ ಆದಾಯ ಏರುವುದಿಲ್ಲ. ಶಾಲೆ ಮತ್ತೆ ಮತದಾರರ ಮುಂದೆ ಬರುತ್ತದೆ. ದುರಾಸೆಯಿಂದಲ್ಲ, ಕಾನೂನು ಹಾಗೆ ಕಟ್ಟಿಹಾಕಿರುವುದರಿಂದ. ಹೊಸ ಮತಪತ್ರ ಹೊರೆಯನ್ನು ಢಾಳಾಗಿ ತೋರಿಸಿ ಕಾರಣವನ್ನು ನುಂಗಿಬಿಟ್ಟಿದೆ.

ಡಾಲರ್ ಲೆಕ್ಕ ಕಂಡರೆ ಜನ ಹೆದರುತ್ತಾರೆ ಎಂದು ಆಕ್ಷೇಪಿಸುವವರ ಜೊತೆಗೂ ನನಗೆ ಜಗಳವಿದೆ. ಗೊತ್ತಾಗದಂತೆ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಇನ್ನು ಕೆಲವರು, ಮತ ಹಾಕಲು ಬಂದವರು ಕಡಿಮೆಯಾದರೂ ವಿಷಯ ಬಲ್ಲವರು ಎಂದು ಸಮಾಧಾನಪಡುತ್ತಾರೆ. ಅವರು ಸಾರಾ ಅಂಜಿಯಾ ಅವರ 'ಟೈಮಿಂಗ್ ಅಂಡ್ ಟರ್ನೌಟ್' ಓದಬೇಕು: ದೊಡ್ಡ ಚುನಾವಣೆಯಿಲ್ಲದ ದಿನ ಮತದಾನ ಇಟ್ಟರೆ ಸಂಘಟಿತ ಗುಂಪುಗಳ ಕೈ ಮೇಲಾಗುತ್ತದೆ ಎಂಬುದೇ ಅದರ ವಾದ. ಹಾಗಾಗಿ ಆಗಸ್ಟ್‌ನ ವಿಶೇಷ ಚುನಾವಣೆಗಳನ್ನು ಬಹುಮಟ್ಟಿಗೆ ಕೈಬಿಟ್ಟ ಹೌಸ್ ಬಿಲ್ 458ರ ಆ ಭಾಗ ನನಗೆ ಹೆಚ್ಚು ಮಹತ್ವದ್ದಾಗಿ ಕಾಣುತ್ತದೆ. ಆಗಸ್ಟ್ ಹೋದರೂ ಮೇ ಉಳಿದಿದೆ, ಶಾಲೆಯ ಪ್ರಸ್ತಾವಗಳೆಲ್ಲ ನವೆಂಬರ್‌ಗೇ ಬರಲಿ. ತಳಮಿತಿ ಮುಟ್ಟದ ಡಿಸ್ಟ್ರಿಕ್ಟ್‌ಗಳ ಮತಪತ್ರದಲ್ಲಿ ಮೊತ್ತದ ಕೆಳಗೆ ಇನ್ನೊಂದು ಸಾಲು ಸೇರಲಿ: ಮನೆಯ ಬೆಲೆ ಏರಿದರೂ ಈ ತೆರಿಗೆಯಿಂದ ಶಾಲೆಗೆ ಬರುವ ಹಣ ಏರುವುದಿಲ್ಲ.