ಜಾನ್ಸನ್ನನ ಸತ್ಯನಿಷ್ಠೆ ಮತ್ತು ಮರುಮುದ್ರಣದ ಹೊಣೆ

ಮೃತರ ಗುಣಗಳನ್ನಷ್ಟೇ ಹೇಳಬೇಕೆ, ದೋಷಗಳನ್ನೂ ಹೇಳಬಹುದೆ ಎಂಬ ಪ್ರಶ್ನೆ ಜೀವನಚರಿತ್ರೆ ಬರೆಯುವ ಪ್ರತಿಯೊಬ್ಬನಿಗೂ ಎದುರಾಗುತ್ತದೆ. ಇಂಗ್ಲಿಷ್ ಸಾಹಿತ್ಯದಲ್ಲಿ ಈ ಪ್ರಶ್ನೆಗೆ ನಿರ್ಭೀತ ಉತ್ತರ ಕೊಟ್ಟವರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ (1709–1784) ಅಗ್ರಗಣ್ಯನು. ಲಿಚ್‌ಫೀಲ್ಡಿನ ಒಬ್ಬ ಪುಸ್ತಕವ್ಯಾಪಾರಿಯ ಮಗನಾದ ಈತನು ಕವಿ, ನಿಘಂಟುಕಾರ ಹಾಗೂ ಚರಿತ್ರಕಾರ. ಈತನ ಕೃತಿಗಳು ಇಂದಿಗೂ ಮರುಮುದ್ರಣಗೊಳ್ಳುತ್ತಲೇ ಇವೆ. ಯೇಲ್ ವಿಶ್ವವಿದ್ಯಾನಿಲಯದ ಮುದ್ರಣಾಲಯವು 1958ರಲ್ಲಿ ಆರಂಭಿಸಿದ ಸಮಗ್ರ ಆವೃತ್ತಿ 23 ಸಂಪುಟಗಳಾಗಿ 2018ರಲ್ಲಿ ಪೂರ್ಣಗೊಂಡಿತು. ಕವಿಗಳ ಜೀವನಚರಿತ್ರೆಗಳನ್ನು ರೋಜರ್ ಲಾನ್ಸ್‌ಡೇಲ್ 2006ರಲ್ಲಿ ವಿಸ್ತಾರವಾದ ಟಿಪ್ಪಣಿಗಳೊಡನೆ ನಾಲ್ಕು ಸಂಪುಟಗಳಲ್ಲಿ ಹೊರತಂದರು. ಇಷ್ಟು ಶ್ರಮವಹಿಸಿ ಮರಳಿ ಅಚ್ಚುಮಾಡುವ ಗ್ರಂಥದಲ್ಲಿ ಒಂದು ಅನ್ಯಾಯವೂ ಅಡಗಿದ್ದರೆ ಅದನ್ನೇನು ಮಾಡಬೇಕು? ಇದು ವಿಚಾರಾರ್ಹವಾದ ವಿಷಯ.

ಜೀವನಚರಿತ್ರೆಯ ಧರ್ಮವನ್ನು ಜಾನ್ಸನ್ 1750ರಲ್ಲಿ ತನ್ನ 'ರ‍್ಯಾಂಬ್ಲರ್' ಪತ್ರಿಕೆಯ 60ನೆಯ ಸಂಚಿಕೆಯಲ್ಲಿ ನಿರೂಪಿಸಿದನು. ಮಹಾಪುರುಷನ ಬಿರುದುಬಾವಲಿಗಳಿಗಿಂತ ಅವನ ಮನೆಯೊಳಗಿನ ನಡತೆಯೇ ಓದುಗನಿಗೆ ಹೆಚ್ಚು ಉಪಯುಕ್ತ. ಮೃತರಿಗೆ ಗೌರವ ಸಲ್ಲಬೇಕಾದುದು ನಿಜವಾದರೂ ಸತ್ಯಕ್ಕೆ ಸಲ್ಲಬೇಕಾದ ಗೌರವ ಅದಕ್ಕಿಂತ ದೊಡ್ಡದು ಎಂಬುದು ಅವನ ನಿಲುವು. ಹೊಗಳಿಕೆಯ ಚರಿತ್ರೆಗಳೇ ತುಂಬಿದ್ದ ಕಾಲದಲ್ಲಿ ಇದು ದಿಟ್ಟ ಮಾತಾಗಿತ್ತು.

ಈ ತತ್ತ್ವವನ್ನು ವಿಸ್ತಾರವಾಗಿ ಆಚರಣೆಗೆ ತರುವ ಅವಕಾಶ ಅವನಿಗೆ ಒದಗಿದುದು ಒಂದು ವ್ಯಾಪಾರದ ಪ್ರಸಂಗದಿಂದ. ಗ್ರಂಥಸ್ವಾಮ್ಯವು ಶಾಶ್ವತವಲ್ಲವೆಂದು 1774ರಲ್ಲಿ ಬ್ರಿಟಿಷ್ ಪ್ರಭುಸಭೆ ತೀರ್ಪಿತ್ತ ಮೇಲೆ ಹಳೆಯ ಕವಿಗಳನ್ನು ಯಾರು ಬೇಕಾದರೂ ಅಚ್ಚುಮಾಡುವಂತಾಯಿತು. ಜಾನ್ ಬೆಲ್ ಎಂಬ ಪ್ರಕಾಶಕನು ಅಗ್ಗದ ಕಾವ್ಯಮಾಲೆಯೊಂದನ್ನು ಎಡಿನ್‌ಬರೋದಲ್ಲಿ ಮುದ್ರಿಸತೊಡಗಿದನು. ಇದನ್ನು ಎದುರಿಸಲು ಲಂಡನ್ನಿನ ಪುಸ್ತಕವ್ಯಾಪಾರಿಗಳು ಒಟ್ಟುಗೂಡಿ, ತಮ್ಮದೇ ಕಾವ್ಯಮಾಲೆಗೆ ಪೀಠಿಕೆಗಳನ್ನು ಬರೆದುಕೊಡಬೇಕೆಂದು 1777ರಲ್ಲಿ ಜಾನ್ಸನ್ನನನ್ನು ಕೇಳಿಕೊಂಡರು. ಅವನು ಕೇಳಿದ ಸಂಭಾವನೆ ಕೇವಲ 200 ಗಿನಿ. ಸಾವಿರ ಕೇಳಿದ್ದರೂ ಅವರು ಕೊಡುತ್ತಿದ್ದರೆಂದು ಸಮಕಾಲೀನ ವಿದ್ವಾಂಸ ಮೆಲೋನ್ ಹೇಳಿದ್ದಾನೆ. 52 ಕವಿಗಳ ಚರಿತ್ರೆಗಳು 1779 ಮತ್ತು 1781ರಲ್ಲಿ ಹತ್ತು ಸಂಪುಟಗಳಾಗಿ ಹೊರಬಂದವು.

ಈ ಚರಿತ್ರೆಗಳಲ್ಲಿ ಅವನ ನಿಷ್ಪಕ್ಷಪಾತಕ್ಕೆ ಒಳ್ಳೆಯ ನಿದರ್ಶನಗಳಿವೆ. ಮಿಲ್ಟನ್ನನ ರಾಜಕೀಯವನ್ನು ಅವನು ಸಹಿಸಲಾರ; ಆದರೂ ಅವನ ಮಹಾಕಾವ್ಯಕ್ಕೆ ಸಲ್ಲಬೇಕಾದ ಮನ್ನಣೆಯನ್ನು ತಡೆಹಿಡಿಯಲಿಲ್ಲ. ಅಡಿಸನ್ನನನ್ನು ಗದ್ಯಶೈಲಿಯ ಮಾದರಿಯೆಂದು ಕೊಂಡಾಡಿದನು. ಆದರೂ ಆತ ಮಿತ್ರನಾದ ಸ್ಟೀಲನಿಗೆ ಕೊಟ್ಟ ನೂರು ಪೌಂಡ್ ಸಾಲವನ್ನು ಜಪ್ತಿಯ ಮೂಲಕ ವಸೂಲು ಮಾಡಿದ ಸಂಗತಿಯನ್ನು ಮುಚ್ಚಿಡಲಿಲ್ಲ. ಅದೇ ಚರಿತ್ರೆಯಲ್ಲಿ ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದಾನೆ. ಮೃತನ ದೋಷವನ್ನು ಅಕಾಲದಲ್ಲಿ ಬಯಲು ಮಾಡಿ ಅವನ ವಿಧವೆಗೋ ಮಗಳಿಗೋ ಸೋದರನಿಗೋ ನೋವುಂಟುಮಾಡಬಾರದು ಎಂಬುದು ಅದರ ತಾತ್ಪರ್ಯ. ಸತ್ಯವಾದರೂ ಹೇಳುವ ಹೊತ್ತನ್ನು ಅರಿಯಬೇಕೆಂಬ ಈ ವಿವೇಕ ಎಲ್ಲರೂ ಒಪ್ಪತಕ್ಕದ್ದು. ಆದರೆ ಈ ಮಾತನ್ನು ಬರೆದ ಲೇಖಕನನ್ನು ಅದೇ ಒರೆಗಲ್ಲಿಗೆ ಹಚ್ಚಿ ನೋಡಿದರೆ ಏನು ಕಾಣುತ್ತದೆ?

1744ರಲ್ಲಿ, ತನ್ನ ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಜಾನ್ಸನ್ ಹೆಸರು ಹಾಕದೆ 'ರಿಚರ್ಡ್ ಸ್ಯಾವೇಜನ ಚರಿತ್ರೆ'ಯನ್ನು ಪ್ರಕಟಿಸಿದ್ದನು. ಸ್ಯಾವೇಜ್ ಒಬ್ಬ ಬಡಕವಿ. ಜಾನ್ಸನ್ನನ ಕಷ್ಟದಿನಗಳ ಸಂಗಾತಿ. ಬಾಡಿಗೆಗೆ ಹಣವಿಲ್ಲದೆ ಇಬ್ಬರೂ ಲಂಡನ್ನಿನ ಬೀದಿಗಳಲ್ಲಿ ರಾತ್ರಿ ಕಳೆದುದುಂಟು. 1727ರಲ್ಲಿ ಜಗಳವೊಂದರಲ್ಲಿ ಒಬ್ಬನನ್ನು ಕೊಂದು ಮರಣದಂಡನೆಗೆ ಗುರಿಯಾದ ಸ್ಯಾವೇಜ್ ರಾಜನ ಕ್ಷಮೆಯಿಂದ ಉಳಿದನು. ರಾಣಿಯಿಂದ ವರ್ಷಕ್ಕೆ 50 ಪೌಂಡ್ ಬರುತ್ತಿದ್ದರೆ ಅದನ್ನು ಕೈಗೆ ಬಂದೊಡನೆ ದುಂದುಮಾಡುತ್ತಿದ್ದನು. ಸಹಾಯ ಮಾಡಿದವರೊಡನೆಯೇ ಜಗಳವಾಡಿ, ಕೊನೆಗೆ ಸುಮಾರು 8 ಪೌಂಡ್ ಸಾಲಕ್ಕಾಗಿ ಬಂಧಿತನಾಗಿ, 1743ರಲ್ಲಿ ಬ್ರಿಸ್ಟಲಿನ ಸೆರೆಮನೆಯಲ್ಲಿ ತೀರಿಕೊಂಡನು. ಇವೆಲ್ಲವನ್ನೂ ಜಾನ್ಸನ್ ಬಚ್ಚಿಡದೆ ಹೇಳುತ್ತಾನೆ. ಗೆಳೆಯನ ಅಹಂಕಾರ, ಕೃತಘ್ನತೆ, ಮಾತಿಗೆ ತಪ್ಪುವ ಗುಣ ಎಲ್ಲವೂ ಅಲ್ಲಿವೆ. ಆದರೂ ಅಂತಹ ದೈನ್ಯವನ್ನು ಅನುಭವಿಸದವರು ಅವನಿಗೆ ತೀರ್ಪು ಹೇಳಲು ಆತುರಪಡಬಾರದೆಂಬ ಕರುಣೆ ಇಡೀ ಗ್ರಂಥದಲ್ಲಿ ವ್ಯಾಪಿಸಿದೆ. ದೋಷಕಥನವೂ ದಯೆಯೂ ಒಂದೇ ಲೇಖನಿಯಲ್ಲಿ ಸೇರಬಲ್ಲವೆಂಬುದಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ವಿರಳ.

ಆದರೆ ಆ ದಯೆ ಒಬ್ಬ ಸ್ತ್ರೀಗೆ ಮಾತ್ರ ದೊರೆಯಲಿಲ್ಲ. ತಾನು ಮ್ಯಾಕಲ್ಸ್‌ಫೀಲ್ಡಿನ ಕೌಂಟೆಸ್ ಆಗಿದ್ದ ಆನ್ ಎಂಬಾಕೆಯ ಅಕ್ರಮ ಸಂತಾನವೆಂದೂ, ಆಕೆ ತನ್ನನ್ನು ತೊರೆದಳೆಂದೂ ಸ್ಯಾವೇಜ್ ಹೇಳಿಕೊಳ್ಳುತ್ತಿದ್ದನು. ಜಾನ್ಸನ್ ಅದನ್ನು ಸಂಪೂರ್ಣವಾಗಿ ನಂಬಿದನು. ಮಗ ಸತ್ತನೆಂದು ಸುಳ್ಳು ಹೇಳಿ ಅವನಿಗೆ ಬರಬೇಕಿದ್ದ 6,000 ಪೌಂಡ್ ತಪ್ಪಿಸಿದಳು, ಅಮೆರಿಕದ ತೋಟಗಳಿಗೆ ಸಾಗಿಸಲು ಯತ್ನಿಸಿದಳು, ಕೊನೆಗೆ ರಾಜಕ್ಷಮೆಗೂ ಅಡ್ಡಬಂದಳು ಎಂದು ಉಗ್ರವಾದ ಮಾತುಗಳಲ್ಲಿ ಆರೋಪಿಸಿದನು. ಆಧಾರವಾಗಿದ್ದುದು ಮುಖ್ಯವಾಗಿ ಸ್ಯಾವೇಜನ ಬಾಯಿಮಾತು ಮತ್ತು ಅವನ ಪರವಾಗಿ ಮೊದಲೇ ಅಚ್ಚಾಗಿದ್ದ ಬರಹಗಳು. ಆಗ ಆ ಮಹಿಳೆ ಇನ್ನೂ ಬದುಕಿದ್ದಳು. ಆಕೆ ತೀರಿಕೊಂಡದ್ದು 1753ರಲ್ಲಿ.

ಈ ಕಥೆಯನ್ನು ಮೊದಲು ದಾಖಲೆಗಳೊಡನೆ ಹೋಲಿಸಿ ನೋಡಿದವರಲ್ಲಿ ಜಾನ್ಸನ್ನನ ಭಕ್ತನೇ ಆದ ಬಾಸ್ವೆಲ್ ಒಬ್ಬನು. ವಿಚ್ಛೇದನ ಪಡೆಯುವುದಕ್ಕಾಗಿ ಆಕೆ ತನ್ನ ತಪ್ಪನ್ನು ತಾನೇ ಸಾರಿಕೊಂಡಳೆಂದು ಜಾನ್ಸನ್ ಬರೆದಿದ್ದನು. ವಾಸ್ತವವಾಗಿ 1698ರ ಆ ವಿಚ್ಛೇದನವನ್ನು ಆಕೆ ವಕೀಲರ ಮೂಲಕ ಬಲವಾಗಿ ವಿರೋಧಿಸಿದ್ದಳೆಂದು ಬಾಸ್ವೆಲ್ ತನ್ನ 1791ರ ಗ್ರಂಥದಲ್ಲಿ ತೋರಿಸಿದನು. ಆಕೆಗೆ ಹುಟ್ಟಿದ ಮಗು ಶೈಶವದಲ್ಲೇ ಸತ್ತಿರಬಹುದೆಂಬ ಸಂಶಯವನ್ನು ಮುಂದಿನ ಸಂಶೋಧಕರು ಬಲಪಡಿಸಿದ್ದಾರೆ. ಸ್ಯಾವೇಜ್ ಮೋಸಗಾರನೋ, ತಾನೇ ನಂಬಿ ಮೋಸಹೋದವನೋ ಎಂಬುದು ಇತ್ಯರ್ಥವಾಗಿಲ್ಲ. ಇತ್ಯರ್ಥವಾಗದ ಆರೋಪವನ್ನು ಸಾಬೀತಾದ ಅಪರಾಧದಂತೆ ಬರೆದುದೇ ಇಲ್ಲಿನ ತಪ್ಪು.

ಜಾನ್ಸನ್ನನ ಪರವಾಗಿ ಹೇಳಬಹುದಾದುದೂ ಉಂಟು. ಗೆಳೆಯನ ಮರಣ ಇನ್ನೂ ಹಸಿಯಾಗಿತ್ತು; ಮನೆಯಲ್ಲಿ ಬಡತನವಿತ್ತು; ಸಂಭಾವನೆ 15 ಗಿನಿ; ರಾತ್ರಿಯೆಲ್ಲ ಕುಳಿತು ಒಂದೇ ಸಲಕ್ಕೆ 48 ಪುಟ ಬರೆದೆನೆಂದು ಅವನೇ ಹೇಳಿದ್ದುಂಟು. ಅವಸರದ ತಪ್ಪನ್ನು ಲೋಕ ಕ್ಷಮಿಸುತ್ತದೆ. ಆದರೆ 1781ರಲ್ಲಿ ಅವಸರವಿರಲಿಲ್ಲ, ಬಡತನವೂ ಇರಲಿಲ್ಲ. ಆಗಲೂ ಹಳೆಯ ಚರಿತ್ರೆಯೇ ಕವಿಚರಿತ್ರೆಗಳ ನಡುವೆ ಸೇರಿಕೊಂಡಿತು. ಮುಖ್ಯ ಆರೋಪ ಹಾಗೆಯೇ ಉಳಿಯಿತು.

ಅಚ್ಚಾದುದನ್ನು ತಿದ್ದುವ ಅಭ್ಯಾಸ ಅವನಿಗಿರಲಿಲ್ಲವೆಂದು ಹೇಳುವಂತಿಲ್ಲ. ಮನುಷ್ಯನ ಬಯಕೆಗಳ ವ್ಯರ್ಥತೆಯನ್ನು ಕುರಿತ ಅವನ ಶ್ರೇಷ್ಠ ಕವನ 1749ರಲ್ಲಿ ಪ್ರಕಟವಾಯಿತು. ಅದರಲ್ಲಿ ವಿದ್ವಾಂಸನ ಕಷ್ಟಗಳನ್ನು ಎಣಿಸುವಾಗ 'ಅಟ್ಟದ ಕೋಣೆ' ಎಂಬ ಅರ್ಥದ ಪದವಿತ್ತು. ನಿಘಂಟಿನ ಕೆಲಸದಲ್ಲಿ ಚೆಸ್ಟರ್‌ಫೀಲ್ಡ್ ಪ್ರಭು ತನ್ನನ್ನು ಕಡೆಗಣಿಸಿದನೆಂದು ನೊಂದ ಮೇಲೆ, 1755ರ ಮರುಮುದ್ರಣದಲ್ಲಿ ಅದನ್ನು ತೆಗೆದು 'ಆಶ್ರಯದಾತ' ಎಂಬ ಅರ್ಥದ ಪದವನ್ನಿಟ್ಟನು. ತನಗಾದ ನೋವನ್ನು ದಾಖಲಿಸಲು ಒಂದು ಪದವನ್ನು ತಿದ್ದಿದ ಕೈ, ಪರರಿಗೆ ತನ್ನಿಂದಾದ ನೋವನ್ನು ನೀಗಲು ಒಂದು ಪುಟವನ್ನೂ ತಿದ್ದಲಿಲ್ಲ. ಕಟುವೆನಿಸಿದರೂ ಈ ಹೋಲಿಕೆ ನ್ಯಾಯವಾದುದೇ. ಏಕೆಂದರೆ ಇತರರ ಜೀವನವನ್ನು ಇದೇ ನಿಷ್ಠುರತೆಯಿಂದ ಅಳೆಯಬೇಕೆಂದು ಕಲಿಸಿದವನು ಜಾನ್ಸನ್ನನೇ.

ಲೆಕ್ಕ ಬರೆಯುವವರೆಲ್ಲರೂ ಅರಿತಿರುವ ಸಂಗತಿಯೊಂದುಂಟು. ಹಿಂದಿನ ವರ್ಷದ ಶಿಲ್ಕಿನಲ್ಲಿ ತಪ್ಪಿದ್ದು, ತಾಳೆ ನೋಡದೆ ಅದನ್ನೇ ಹೊಸ ಪುಸ್ತಕಕ್ಕೆ ಎತ್ತಿಕೊಂಡರೆ, ಆ ತಪ್ಪು ಹಳೆಯ ಗುಮಾಸ್ತನದಾಗಿ ಉಳಿಯುವುದಿಲ್ಲ, ಎತ್ತಿಕೊಂಡವನದೂ ಆಗುತ್ತದೆ. ಮರುಮುದ್ರಣದ ನೀತಿಯೂ ಇದೇ. ಹಾಗೆಂದು ಹಳೆಯ ಗ್ರಂಥದ ಪುಟಗಳನ್ನು ಹರಿದುಹಾಕುವುದು ಪರಿಹಾರವಲ್ಲ. ಹಳೆಯ ಕೀರ್ದಿಯನ್ನು ಸುಟ್ಟರೆ ಲೆಕ್ಕ ಶುದ್ಧವಾಗುವುದಿಲ್ಲ. ಮೂಲವನ್ನು ಇದ್ದಂತೆಯೇ ಇರಿಸಿ, ಆರೋಪವಿರುವೆಡೆ ಸತ್ಯಾಂಶವನ್ನು ಟಿಪ್ಪಣಿಯಾಗಿ ಕೊಡುವ ಈಚಿನ ವಿದ್ವತ್ ಆವೃತ್ತಿಗಳ ಕ್ರಮವೇ ಯೋಗ್ಯವಾದುದು. ಟಿಪ್ಪಣಿಯಿಲ್ಲದ ಅಗ್ಗದ ಮರುಮುದ್ರಣವಾದರೋ ಪ್ರತಿ ಪ್ರತಿಯಲ್ಲಿಯೂ ಆ ಅಪವಾದವನ್ನು ಹೊಸದಾಗಿ ನುಡಿಯುತ್ತದೆ.

ಜಾನ್ಸನ್ನನ ಕೃತಿಗಳನ್ನು ಓದಬೇಕಾದುದು ಅವಶ್ಯ. ಸ್ಯಾವೇಜನ ಚರಿತ್ರೆಯನ್ನಂತೂ ಬಿಡಲಾಗದು. ಪತಿತನನ್ನು ಪ್ರೀತಿಸುತ್ತಲೇ ಅವನ ಪತನವನ್ನು ಹೇಳುವ ಕಲೆ ಅಲ್ಲಿದೆ. ಆದರೆ ಅದನ್ನು ಓದಿ ಮುಗಿಸಿದಾಗ, ತನ್ನ ಪಕ್ಷವನ್ನು ಹೇಳಿಕೊಳ್ಳಲು ಒಂದು ಪುಟವೂ ದೊರೆಯದ ಆ ವೃದ್ಧೆಯನ್ನು ವಾಚಕರು ನೆನೆಯಬೇಕು. ಗೆಳೆಯನ ಮೇಲಿನ ಕರುಣೆ ಇನ್ನೊಬ್ಬರ ಮೇಲಿನ ಹಿಂಸೆಯಾಗಿ ಪರಿಣಮಿಸಬಾರದು; ಸತ್ಯವನ್ನು ನುಡಿಯುವೆನೆಂಬ ಸಂಕಲ್ಪವಿದ್ದವನು, ನುಡಿಯುವ ಮುನ್ನ ಅದು ಸತ್ಯವೇ ಎಂದು ವಿಚಾರಿಸುವ ಶ್ರಮವನ್ನೂ ವಹಿಸಬೇಕು.