ಕರಿಯ ಬಟ್ಟೆ, ಬಿಳಿಯ ಲೆಕ್ಕ

ಉತ್ತರ ಕನ್ನಡದ ಬಿಳಗಿ ಸೀಮೆಯ ಹಳೆಯ ಮನೆಯ ಅಟ್ಟದಲ್ಲಿ ಕಡತ ಸಿಕ್ಕರೆ ಅವಸರದಲ್ಲಿ ಬಿಚ್ಚಬಾರದು. ಉದ್ದನೆಯ ಬಟ್ಟೆಗೆ ಹುಣಸೆಬೀಜದ ಸರಿಯಲ್ಲಿ ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಹಿಂದೆ ಮುಂದೆ ಮಡಿಚಿ ಹಲಗೆಗಳ ನಡುವೆ ಕೂರಿಸಿದ ಪುಸ್ತಕ ಅದು. ನೇರ ನೋಡಿದರೆ ಬರೀ ಬೂದುಬಣ್ಣ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ಬಳಪದ ಸಾಲುಗಳು ಮೇಲೆದ್ದು ಬರುತ್ತವೆ. ಕೈಯೆತ್ತದೆ ಬರೆದ ಮೋಡಿ ಅಕ್ಷರ, ಒಂದರ ಬಾಲ ಇನ್ನೊಂದರ ತಲೆಗೆ ಕೊಂಡಿ. ಖಂಡಿ, ಮಣ, ಸೇರು. ಅಡಿಕೆ, ಕಾಳುಮೆಣಸು, ಏಲಕ್ಕಿ. ಬರೆದವನು ಚೆಂದಕ್ಕೆಂದು ಬರೆದದ್ದಲ್ಲ, ಬೇಗ ಮುಗಿಯಲೆಂದು ಬರೆದದ್ದು. ನನಗಂತೂ ಆ ವೇಗವೇ ಚೆಂದ. ಒರೆಸಿ ಮತ್ತೆ ಕಪ್ಪು ಬಳಿದರೆ ಹೊಸ ಹಾಳೆ. ಜೋಪಾನವಾಗಿ ಇಟ್ಟರೆ ತಲೆಮಾರುಗಟ್ಟಲೆ ಬಾಳುತ್ತದೆ.

ಈ ಕೆನರಾ ನಾಡಿನ ಇಂಥ ಹಳೆಯ ಲೆಕ್ಕಪತ್ರಗಳ ಮುಂದೆ 1799ರಲ್ಲಿ ಬಂದು ಕೂತವನು ಒಬ್ಬ ವರ್ತಕನ ಮಗ. ಥಾಮಸ್ ಮನ್ರೋ ಹುಟ್ಟಿದ್ದು 1761ರಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ತಂದೆ ಅಲೆಕ್ಸಾಂಡರ್ ಮನ್ರೋಗೆ ಅಮೆರಿಕದ ವರ್ಜೀನಿಯಾದೊಡನೆ ವ್ಯಾಪಾರ. ಗ್ಲಾಸ್ಗೋ ಕೊಬ್ಬಿದ್ದೇ ವರ್ಜೀನಿಯಾದಲ್ಲಿ ಗುಲಾಮರು ಬೆಳೆದ ಹೊಗೆಸೊಪ್ಪಿನಿಂದ. ಅಮೆರಿಕದ ಸ್ವಾತಂತ್ರ್ಯ ಯುದ್ಧ ಆ ವ್ಯಾಪಾರವನ್ನು ಮುರಿಯಿತು, ಮನ್ರೋ ಮನೆತನ ಮುಳುಗಿತು. ವರ್ತಕರ ಕಚೇರಿಯಲ್ಲಿ ಗುಮಾಸ್ತಿಕೆ ಕಲಿಯುತ್ತಿದ್ದ ಹುಡುಗ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಸೇರಿ 1780ರಲ್ಲಿ ಮದರಾಸಿಗೆ ಬಂದಿಳಿದ. ಶ್ರೀರಂಗಪಟ್ಟಣ ಬಿದ್ದ ವರ್ಷವೇ ಕೆನರಾದ ಕಲೆಕ್ಟರನಾದ; ಘಟ್ಟದ ಮೇಲಿನ ಸೋದೆ ಸೀಮೆಯೂ ಅವನ ಪಾಲಿಗೆ ಬಂತು. ಇಲ್ಲಿಯ ಮಳೆ ಅವನಿಗೆ ಒಗ್ಗಲಿಲ್ಲ. ಮರುವರ್ಷವೇ ಬಳ್ಳಾರಿ, ಕಡಪೆಯ ಕಡೆ ಹೊರಟುಹೋದ.

ಅಷ್ಟರಲ್ಲೇ ಅವನು ಇಲ್ಲಿಯ ಹಳೆಯ ಕಂದಾಯದ ಲೆಕ್ಕ, ಕ್ರಯಪತ್ರಗಳನ್ನು ಕೆದಕಿ ನೋಡಿದ್ದ. ಕೆನರಾದ ಭೂಮಿ ಬಹುಕಾಲದಿಂದ ಒಕ್ಕಲಿನ ಸ್ವಂತ ಆಸ್ತಿ, ಅದನ್ನು ಮಾರಬಹುದು, ಅಡವಿಡಬಹುದು, ಮಕ್ಕಳಿಗೆ ಬಿಡಬಹುದು ಎಂದು 1800ರಲ್ಲಿ ಮೇಲಿನವರಿಗೆ ಬರೆದ. ಗೆದ್ದ ಸರ್ಕಾರದ ಅಧಿಕಾರಿ ಸೋತ ನಾಡಿನ ಲೆಕ್ಕವನ್ನು ನಂಬಿದ್ದು ಸಣ್ಣ ಮಾತಲ್ಲ. ಖಾತೆಪುಸ್ತಕ ಓದಬಲ್ಲ ಮನೆತನದ ಕಣ್ಣು ಅವನಿಗಿತ್ತು ಎಂದೇ ನಾನು ತಿಳಿಯುತ್ತೇನೆ.

ಬಿಳಗಿಗೆ ಬಂದವರು ರತ್ನತ್ರಯ ಬಸದಿಯ ಕಲ್ಲುಕೆತ್ತನೆಯ ಮುಂದೆ ತಾಸುಗಟ್ಟಲೆ ನಿಲ್ಲುತ್ತಾರೆ, ನಿಲ್ಲಬೇಕಾದದ್ದೇ. ಹೆಸರಿಲ್ಲದ ಶಾನುಭೋಗನೊಬ್ಬ ಎಳೆದ ಬಳಪದ ಗೆರೆಗೂ ಅಷ್ಟೇ ಹೊತ್ತು ಕೊಡಿ. ಒಂದು ಕಡೆ ಮಣದ ಲೆಕ್ಕ ತಪ್ಪಿ, ಹೊಡೆದುಹಾಕಿ, ಪಕ್ಕದಲ್ಲೇ ಸರಿಯಾದದ್ದನ್ನು ತುಸು ಒತ್ತಿ ಬರೆದಿರುತ್ತಾನೆ.